ಗಬ್ಬದ ಕುರಿಯ ಮೇವು ಮತ್ತು ಮರಿಯ ವಂಶವಾಹಿಗಳು: ಕರಾವಳಿಯ ಕುರಿ ಸಾಕಣೆದಾರರು ತಿಳಿಯಬೇಕಾದ ಸಂಗತಿಗಳು

ಉಡುಪಿ ಜಿಲ್ಲೆಯಲ್ಲಿ ಕುರಿ ಸಾಕಣೆ ಪರಂಪರೆಯಿಂದ ಬಂದ ಕಸುಬಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುವ ಈ ನೆಲದಲ್ಲಿ ಆಡುಗಳು ಒಗ್ಗಿಕೊಂಡಿವೆ, ಕುರಿಗಳು ವಿರಳ. ಆದರೂ ಕಾರ್ಕಳದ ಅಡಿಕೆ ಮತ್ತು ಗೇರು ತೋಟಗಳ ಬದಿಯಲ್ಲಿ, ಕಾಪುವಿನ ತೆಂಗಿನ ತೋಟಗಳ ನಡುವೆ ಅಟ್ಟಣಿಗೆ ಮಾದರಿಯ ಹಟ್ಟಿ ಕಟ್ಟಿಸಿ, ಘಟ್ಟದ ಮೇಲಿನಿಂದ ಬನ್ನೂರು, ಹಾಸನ, ಡೆಕ್ಕನಿ ಅಥವಾ ಅವಳಿ ಮರಿ ಹಾಕುವ ತಳಿಗಳನ್ನು ತಂದು ಸಾಕಲು ಮುಂದಾಗುವ ರೈತರಿದ್ದಾರೆ. ಇಂತಹವರು ವಿಸ್ತರಣಾ ಕಾರ್ಯಕರ್ತರ ಮುಂದೆ ಇಡುವ ದೂರು ಸಾಮಾನ್ಯವಾಗಿ ಒಂದೇ: "ಹೆಚ್ಚು ಬೆಲೆ ಕೊಟ್ಟು ಒಳ್ಳೆಯ ತಳಿಯನ್ನೇ ತಂದೆವು. ಇಲ್ಲಿ ಹುಟ್ಟಿದ ಮರಿಗಳು ಮಾತ್ರ ಬಡಕಲಾಗಿವೆ. ತಳಿಯಲ್ಲೇ ಮೋಸವಾಯಿತೇ?"

ಬಹಳಷ್ಟು ಸಂದರ್ಭಗಳಲ್ಲಿ ಮೋಸವಾಗಿರುವುದು ತಳಿಯಲ್ಲಲ್ಲ. ತಾಯಿ ಕುರಿ ಗಬ್ಬವಾಗಿದ್ದ ಐದು ತಿಂಗಳ ಮೇವಿನಲ್ಲಿ. ಮರಿಗೆ ತಂದೆ ತಾಯಿಯಿಂದ ಯಾವ ವಂಶವಾಹಿಗಳು ಬಂದಿವೆ ಎಂಬುದು ಎಷ್ಟು ಮುಖ್ಯವೋ, ಗರ್ಭದಲ್ಲಿರುವಾಗ ಅವುಗಳಲ್ಲಿ ಯಾವುವು ಎಷ್ಟರ ಮಟ್ಟಿಗೆ ಕೆಲಸ ಮಾಡಿದವು ಎಂಬುದೂ ಅಷ್ಟೇ ಮುಖ್ಯ. ಇದನ್ನೇ ವಿಜ್ಞಾನಿಗಳು ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ತಾಯಿಯ ಆಹಾರ ಮತ್ತು ತಳಿಯ ಗುಣ ಎರಡೂ ಸೇರಿ ಈ ಅಭಿವ್ಯಕ್ತಿಯನ್ನು ಹೇಗೆ ರೂಪಿಸುತ್ತವೆ, ಅದಕ್ಕೆ ತಕ್ಕಂತೆ ಕರಾವಳಿಯ ರೈತರು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇಲ್ಲಿನ ತತ್ವಗಳು ಆಡುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ವಂಶವಾಹಿ ಇರುವುದು ಬೇರೆ, ಕೆಲಸ ಮಾಡುವುದು ಬೇರೆ

ಕುರಿಯ ಪ್ರತಿಯೊಂದು ಜೀವಕೋಶದಲ್ಲಿ 54 ವರ್ಣತಂತುಗಳಿವೆ. ಅವುಗಳಲ್ಲಿ 27 ಟಗರಿನಿಂದಲೂ 27 ತಾಯಿಯಿಂದಲೂ ಬಂದವು. ಕಣ್ಣಿನ ಕೋಶದಲ್ಲಿರುವುದೂ ತೊಡೆಯ ಮಾಂಸದ ಕೋಶದಲ್ಲಿರುವುದೂ ಇದೇ ವಂಶವಾಹಿಗಳ ಗಂಟು. ಆದರೂ ಕಣ್ಣು ಕಣ್ಣಾಗಿ, ಮಾಂಸ ಮಾಂಸವಾಗಿ ಬೆಳೆಯುವುದು ಏಕೆ? ಪ್ರತಿಯೊಂದು ಅಂಗದಲ್ಲಿ ಅದಕ್ಕೆ ಬೇಕಾದ ವಂಶವಾಹಿಗಳು ಮಾತ್ರ ತೆರೆದುಕೊಂಡು, ಉಳಿದವು ಮುಚ್ಚಿಕೊಂಡಿರುವುದರಿಂದ.

ಕಾರ್ಕಳ, ಹೆಬ್ರಿ ಭಾಗದ ಜೇನು ಕೃಷಿಕರಿಗೆ ಇದಕ್ಕೊಂದು ಪರಿಚಿತ ನಿದರ್ಶನವಿದೆ. ರಾಣಿ ಜೇನು ಮತ್ತು ಕೆಲಸಗಾರ ಜೇನು ಹುಟ್ಟುವುದು ಒಂದೇ ಬಗೆಯ ಮೊಟ್ಟೆಯಿಂದ. ರಾಜಶಾಹಿ ರಸವನ್ನೇ ಉಂಡು ಬೆಳೆದ ಮರಿಹುಳು ರಾಣಿಯಾಗುತ್ತದೆ. ಕೆಲವು ದಿನಗಳ ನಂತರ ಪರಾಗ ಮತ್ತು ಜೇನಿನ ಆಹಾರಕ್ಕೆ ಬದಲಾದದ್ದು ಕೆಲಸಗಾರನಾಗುತ್ತದೆ. ವಂಶವಾಹಿಗಳಲ್ಲಿ ವ್ಯತ್ಯಾಸವಿಲ್ಲ, ಆಹಾರ ಬದಲಾದಂತೆ ಅವುಗಳ ಕೆಲಸ ಬದಲಾಯಿತು. ಕುರಿಯಲ್ಲಿ ಬದಲಾವಣೆ ಇಷ್ಟು ನಾಟಕೀಯವಲ್ಲ, ಆದರೆ ತತ್ವ ಅದೇ.

ಡಿ.ಎನ್.ಎ. ಎಳೆಯ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳು ಅಂಟಿಕೊಳ್ಳುತ್ತವೆ. ವಂಶವಾಹಿಯ ಆರಂಭದ ಭಾಗದಲ್ಲಿ ಈ ಗುರುತು ಹೆಚ್ಚಾದಾಗ ಸಾಮಾನ್ಯವಾಗಿ ಅದರ ಕೆಲಸ ತಗ್ಗುತ್ತದೆ. ಕಡಿಮೆಯಾದಾಗ ಕೆಲಸ ಚುರುಕಾಗುತ್ತದೆ. ಗದ್ದೆಗೆ ನೀರು ಬಿಡುವ ತೂಬುಗಳಿಗೆ ಇದನ್ನು ಹೋಲಿಸಬಹುದು. ಕಾಲುವೆ ಅದೇ, ನೀರೂ ಅದೇ. ಯಾವ ತೂಬನ್ನು ಎಷ್ಟು ತೆರೆದಿದ್ದೇವೆ ಎಂಬುದರ ಮೇಲೆ ಯಾವ ಗದ್ದೆ ಹಸಿರಾಗುವುದೆಂದು ತೀರ್ಮಾನವಾಗುತ್ತದೆ. ಈ ತೂಬುಗಳಲ್ಲಿ ಅನೇಕವು ಸ್ಥಾನಕ್ಕೆ ಬಂದು ಕೂರುವುದು ಮರಿ ಗರ್ಭದಲ್ಲಿರುವಾಗ.

ಮೇವು ಗರ್ಭದ ಮರಿಯನ್ನು ತಲುಪುವ ಬಗೆ

ಮೀಥೈಲ್ ಗುಂಪುಗಳು ಆಹಾರದಿಂದಲೇ ಬರಬೇಕು. ಮೆಥಿಯೋನಿನ್ ಎಂಬ ಅಮೈನೋ ಆಮ್ಲ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವ ಇದಕ್ಕೆ ಅಗತ್ಯ. ಕುರಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ12 ಜೀವಸತ್ವವನ್ನು ತಾವೇ ತಯಾರಿಸುತ್ತವೆ; ಆದರೆ ಅದಕ್ಕೆ ಮೇವಿನಲ್ಲಿ ಕೋಬಾಲ್ಟ್ ಬೇಕು. ಮೆಥಿಯೋನಿನ್ ತಯಾರಿಸಲು ಗಂಧಕ ಬೇಕು. ಹೀಗೆ ಮಣ್ಣಿನ ಖನಿಜವು ಹುಲ್ಲಿನ ಮೂಲಕ ಮರಿಯ ವಂಶವಾಹಿಯ ಗುರುತಿನವರೆಗೆ ಸಾಗುತ್ತದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಅವರು ಕುರಿಗಳಿಗೆ ಗರ್ಭಧಾರಣೆಯ ಸುಮಾರು ಎಂಟು ವಾರ ಮೊದಲಿನಿಂದ, ಗರ್ಭಕಟ್ಟಿದ ಆರು ದಿನಗಳವರೆಗೆ ಮಾತ್ರ, ಬಿ12, ಫೋಲಿಕ್ ಆಮ್ಲ ಮತ್ತು ಮೆಥಿಯೋನಿನ್ ಕಡಿಮೆ ದೊರೆಯುವಂತೆ ಆಹಾರ ನೀಡಿದರು. ನಂತರ ಭ್ರೂಣಗಳನ್ನು ಸರಿಯಾದ ಆಹಾರ ಪಡೆದ ಬೇರೆ ಕುರಿಗಳ ಗರ್ಭಕ್ಕೆ ವರ್ಗಾಯಿಸಿದರು. ಮರಿಗಳು ಹುಟ್ಟುವಾಗ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬೆಳೆದ ಮೇಲೆ ಅವುಗಳಲ್ಲಿ ಕೊಬ್ಬು ಹೆಚ್ಚಾಯಿತು. ವಿಶೇಷವಾಗಿ ಗಂಡುಗಳಲ್ಲಿ ರಕ್ತದೊತ್ತಡ ಏರಿತು, ಇನ್ಸುಲಿನ್‌ಗೆ ಸ್ಪಂದನ ಕುಗ್ಗಿತು. ಅವರು ಪರೀಕ್ಷಿಸಿದ ಸುಮಾರು 1,400 ಡಿ.ಎನ್.ಎ. ತಾಣಗಳಲ್ಲಿ ಶೇ. 4ರಷ್ಟು ಕಡೆ ಮೀಥೈಲ್ ಗುರುತುಗಳು ಬದಲಾಗಿದ್ದವು. ಗಬ್ಬ ಕಟ್ಟಿದೆಯೇ ಇಲ್ಲವೇ ಎಂದು ರೈತನಿಗೆ ತಿಳಿಯುವ ಮೊದಲೇ ಮುಗಿದುಹೋದ ದಿನಗಳ ಪರಿಣಾಮ ಇದು.

ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ ಗಬ್ಬದ ಕುರಿಗಳಿಗೆ ಮೂರು ಬಗೆಯ ಆಹಾರ ನೀಡಲಾಯಿತು: ನಾರಿನಂಶ ಹೆಚ್ಚಿರುವ ಮೇವು, ಪಿಷ್ಟ ಹೆಚ್ಚಿರುವ ಮುಸುಕಿನ ಜೋಳ, ಮತ್ತು ಜೋಳದಿಂದ ಮದ್ಯಸಾರ ತೆಗೆದ ನಂತರ ಉಳಿಯುವ, ಪ್ರೋಟೀನು ಹಾಗೂ ಕೊಬ್ಬು ಹೆಚ್ಚಿರುವ ಉಪ ಉತ್ಪನ್ನ. ಮೂರರಿಂದಲೂ ಸಮಾನ ಶಕ್ತಿ ದೊರೆಯುವಂತೆ ಲೆಕ್ಕ ಹಾಕಲಾಗಿತ್ತು. ಆದರೂ ಗರ್ಭದ ಮರಿಗಳ ಮಾಂಸ ಮತ್ತು ಕೊಬ್ಬಿನ ಅಂಗಾಂಶಗಳಲ್ಲಿ ಬೆಳವಣಿಗೆಗೆ ಸಂಬಂಧಿಸಿದ ಕೆಲವು ವಂಶವಾಹಿಗಳ ಅಭಿವ್ಯಕ್ತಿ ಒಂದೊಂದು ಗುಂಪಿನಲ್ಲಿ ಒಂದೊಂದು ರೀತಿ ಇತ್ತು. ಹೊಟ್ಟೆ ತುಂಬಿತೇ ಎಂಬುದಷ್ಟೇ ಅಲ್ಲ, ಯಾವುದರಿಂದ ತುಂಬಿತು ಎಂಬುದೂ ಮರಿಯನ್ನು ರೂಪಿಸುತ್ತದೆ.

ಮನುಷ್ಯರಲ್ಲೂ ಗರ್ಭದ ಬೆಳವಣಿಗೆಗೂ ಮುಂದಿನ ಆರೋಗ್ಯಕ್ಕೂ ನಂಟಿದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷ್ಯವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕಾಪಾಡಿದ್ದ ಹೆರಿಗೆ ದಾಖಲೆಗಳ ಆಧಾರದ ಮೇಲೆ ನಡೆದ ಅಧ್ಯಯನವು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮಧ್ಯವಯಸ್ಸಿನ ನಂತರ ಹೃದಯರೋಗ ಹೆಚ್ಚು ಎಂಬುದನ್ನು 1996ರಲ್ಲಿ ತೋರಿಸಿತು.

ತಳಿಯ ಪಾತ್ರ

ಮೇವೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ಭಾವಿಸಬಾರದು. ಒಂದೇ ಮೇವಿಗೆ ಬೇರೆ ಬೇರೆ ತಳಿಗಳು ಬೇರೆ ಬೇರೆ ರೀತಿ ಸ್ಪಂದಿಸುತ್ತವೆ. ಇದಕ್ಕೆ ಎರಡು ಉದಾಹರಣೆಗಳನ್ನು ಗಮನಿಸಬಹುದು.

ಮೊದಲನೆಯದು ಅವಳಿ ಮರಿಗಳ ವಂಶವಾಹಿ, ಅಂದರೆ ಫೆಕ್-ಬಿ. ಬಂಗಾಳದ ಸುಂದರಬನದ ಗಾರೋಲ್ ಎಂಬ ಪುಟ್ಟ ಕುರಿಯಲ್ಲಿರುವ ಇದನ್ನು ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಡೆಕ್ಕನಿ ಕುರಿಗಳಿಗೆ ಸೇರಿಸಿ ನಾರಿ ಸುವರ್ಣ ತಳಿಯನ್ನು ಅಭಿವೃದ್ಧಿಪಡಿಸಿದರು. ಈ ವಂಶವಾಹಿಯ ಒಂದು ಪ್ರತಿ ಇರುವ ಕುರಿಯಲ್ಲಿ ಪ್ರತಿ ಬೆದೆಗೆ ಸರಾಸರಿ ಒಂದೂವರೆಯಷ್ಟು ಹೆಚ್ಚು ಅಂಡಗಳು ಬಿಡುಗಡೆಯಾಗುತ್ತವೆ. ಎರಡು ಪ್ರತಿ ಇದ್ದರೆ ಇನ್ನೂ ಹೆಚ್ಚು. ಆದರೆ ಇದು ಅಂಡಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆಯೇ ಹೊರತು, ತಾಯಿಯ ಮೈಯಲ್ಲಿ ಆಹಾರವನ್ನು ಹೆಚ್ಚಿಸುವುದಿಲ್ಲ. ಕುರಿಯ ಮಾಸು ಗರ್ಭಕೋಶಕ್ಕೆ ಗುಂಡಿಯಂತಹ ಸುಮಾರು 60ರಿಂದ 100 ಬೆಸುಗೆಗಳ ಮೂಲಕ ಅಂಟಿಕೊಂಡಿರುತ್ತದೆ. ಮರಿಗೆ ಆಹಾರ ಹರಿಯುವುದು ಇವುಗಳ ಮೂಲಕವೇ. ಎರಡು ಮರಿಗಳಿದ್ದರೆ ಈ ಬೆಸುಗೆಗಳು ಅವೆರಡರ ನಡುವೆ ಹಂಚಿಹೋಗುತ್ತವೆ. ಒಂಟಿ ಮರಿಯ ಮೇವನ್ನೇ ಕೊಟ್ಟು ಅವಳಿ ಮರಿಗಳನ್ನು ನಿರೀಕ್ಷಿಸಿದರೆ ಎರಡು ದುರ್ಬಲ ಮರಿಗಳು, ಕೆಲವೊಮ್ಮೆ ತಾಯಿಯ ಸಾವು, ಇದೇ ಫಲ. ಹೊಸದಾಗಿ ಸಾಕಣೆ ಆರಂಭಿಸುವವರು ರಕ್ತಪರೀಕ್ಷೆಯಿಂದ ಒಂದೇ ಪ್ರತಿ ಇದೆಯೆಂದು ಖಚಿತವಾದ ಹೆಣ್ಣುಗಳನ್ನು ಆರಿಸುವುದು ಕ್ಷೇಮಕರ.

ಎರಡನೆಯದು ತಂದೆಯ ಮತ್ತು ತಾಯಿಯ ಪ್ರತಿಗಳ ನಡುವಿನ ವ್ಯತ್ಯಾಸ. ಅಮೆರಿಕದ ಒಕ್ಲಹೋಮದಲ್ಲಿ 1983ರಲ್ಲಿ ಹುಟ್ಟಿದ 'ಸಾಲಿಡ್ ಗೋಲ್ಡ್' ಎಂಬ ಟಗರಿಗೆ ಅಸಾಮಾನ್ಯವಾಗಿ ತುಂಬಿದ ತೊಡೆಗಳಿದ್ದವು. ಅದರ ಸಂತತಿಯನ್ನು ಪರೀಕ್ಷಿಸಿದಾಗ ತಿಳಿದದ್ದು ವಿಚಿತ್ರ: 18ನೇ ವರ್ಣತಂತುವಿನಲ್ಲಿರುವ ಆ ಬದಲಾವಣೆ ತಂದೆಯಿಂದ ಮಾತ್ರ ಬಂದಾಗ ಮರಿಯ ತೊಡೆ ತುಂಬುತ್ತದೆ, ತಾಯಿಯಿಂದ ಬಂದರೂ, ಇಬ್ಬರಿಂದ ಬಂದರೂ ತುಂಬುವುದಿಲ್ಲ. ಕೆಲವು ವಂಶವಾಹಿಗಳಲ್ಲಿ ತಂದೆಯ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಕೆಲವುಗಳಲ್ಲಿ ತಾಯಿಯದು ಮಾತ್ರ. ಇವುಗಳಲ್ಲಿ ಅನೇಕವು ಮರಿಯ ಮತ್ತು ಮಾಸಿನ ಬೆಳವಣಿಗೆಗೆ ಸಂಬಂಧಿಸಿದವು. ಆದುದರಿಂದ ಟಗರಿನ ಮೈಕಟ್ಟು ನೋಡಿ ಮಾತ್ರ ಅದರ ಮರಿಗಳನ್ನು ಊಹಿಸುವುದು ಸರಿಯಲ್ಲ. ಅದಕ್ಕೆ ಹುಟ್ಟಿದ ಮರಿಗಳ ತೂಕದ ದಾಖಲೆಯೇ ನಂಬಬಹುದಾದ ಅಳತೆಗೋಲು.

150 ದಿನಗಳ ಲೆಕ್ಕ

ಕುರಿಯ ಗರ್ಭಾವಧಿ 147ರಿಂದ 150 ದಿನಗಳು. ಪ್ರತಿ ಹಂತದಲ್ಲೂ ಬೇರೆ ಬೇರೆ ಅಂಗಗಳ ನಿರ್ಮಾಣ ನಡೆಯುತ್ತದೆ. ಒಂದು ಹಂತದಲ್ಲಿ ತಪ್ಪಿದ್ದನ್ನು ಮುಂದಿನ ಹಂತದಲ್ಲಿ ಪೂರ್ತಿಯಾಗಿ ತುಂಬಿಕೊಡಲಾಗದು.

1. ಟಗರು ಬಿಡುವ ಮೊದಲಿನ ಎರಡು ಮೂರು ವಾರ ಮತ್ತು ಗರ್ಭದ ಮೊದಲ ತಿಂಗಳು: ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ, ಆರಂಭದ ಮೀಥೈಲ್ ಗುರುತುಗಳು ಅಳಿಸಿ ಹೊಸದಾಗಿ ಬೀಳುವ ಕಾಲ. ಹೆಚ್ಚು ಪ್ರಮಾಣ ಬೇಡ. ಖನಿಜ ಮತ್ತು ಪ್ರೋಟೀನಿನ ಸಮತೋಲ ಬೇಕು. ಮೇವನ್ನು ಹಠಾತ್ತಾಗಿ ಬದಲಿಸಬಾರದು. ದೂರದ ಸಾಗಾಟ ಸಲ್ಲದು.

2. 30ರಿಂದ 90 ದಿನಗಳು: ಮಾಸು ಬೆಳೆಯುವ ಕಾಲ. ಹೊರಗೆ ಹೊಟ್ಟೆ ಕಾಣದಿರುವುದರಿಂದ ರೈತರು ಈ ಹಂತವನ್ನು ಕಡೆಗಣಿಸುವುದೇ ಹೆಚ್ಚು. ಈಗ ಮಾಸು ಸಣ್ಣದಾಗಿ ಬೆಳೆದರೆ, ಕೊನೆಯ ತಿಂಗಳಲ್ಲಿ ಎಷ್ಟು ತಿನ್ನಿಸಿದರೂ ಮರಿಗೆ ಹರಿಯುವ ದಾರಿಯೇ ಕಿರಿದಾಗಿರುತ್ತದೆ. ಮಾಂಸದ ಎಳೆಗಳು ಸಾಲುಗಟ್ಟುವುದೂ ಇದೇ ಅವಧಿಯಲ್ಲಿ. ಎಳೆಗಳ ಸಂಖ್ಯೆ ಮರಿ ಹುಟ್ಟುವ ಮೊದಲೇ ನಿಗದಿಯಾಗುತ್ತದೆ. ಹುಟ್ಟಿದ ಮೇಲೆ ಅವು ದಪ್ಪವಾಗುತ್ತವೆಯೇ ವಿನಾ ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಹೆಣ್ಣು ಮರಿಯ ಅಂಡಾಶಯದ ಅಂಡಗಳೂ ಗರ್ಭದಲ್ಲಿಯೇ ರೂಪುಗೊಳ್ಳುವುದರಿಂದ, ಇಂದಿನ ಗಬ್ಬದ ಕುರಿಯ ಹೊಟ್ಟೆಯಲ್ಲಿ ನಿಮ್ಮ ಹಿಂಡಿನ ಮೊಮ್ಮಕ್ಕಳ ಬೀಜವೂ ಇದೆ.

3. ಕೊನೆಯ ಆರು ವಾರ: ಮರಿಯ ಹುಟ್ಟು ತೂಕದ ಸುಮಾರು ಶೇ. 70 ಭಾಗ ಈ ಅವಧಿಯಲ್ಲಿಯೇ ಸೇರುತ್ತದೆ. ಕೆಚ್ಚಲು ಕಟ್ಟುವುದೂ ಗಿಣ್ಣು ಹಾಲು ತಯಾರಾಗುವುದೂ ಈಗಲೇ. ಆದರೆ ಬೆಳೆದ ಮರಿ ಹೊಟ್ಟೆಯನ್ನು ಒತ್ತುವುದರಿಂದ ತಾಯಿಗೆ ಹೆಚ್ಚು ಹುಲ್ಲು ತಿನ್ನಲು ಜಾಗವಿರುವುದಿಲ್ಲ. ಕಡಿಮೆ ಗಾತ್ರದಲ್ಲಿ ಹೆಚ್ಚು ಸತ್ವವಿರುವ ಆಹಾರ ಬೇಕು.

ಕರಾವಳಿಗೆ ಹೊಂದುವ ವ್ಯವಸ್ಥೆ

ಮೊದಲು ಋತುವನ್ನು ಗಮನಿಸಬೇಕು. ಜೂನ್, ಜುಲೈ ತಿಂಗಳಲ್ಲಿ ಹುಲ್ಲು ಹೇರಳವಾಗಿ ಕಂಡರೂ ಅದರಲ್ಲಿ ನೀರೇ ಹೆಚ್ಚು. ನೆನೆದ ಎಳೆ ನೇಪಿಯರ್‌ನಿಂದ ಕುರಿಯ ಹೊಟ್ಟೆ ತುಂಬುತ್ತದೆ. ಆದರೆ ಒಣ ಅಂಶ ಸಾಲುವುದಿಲ್ಲ. ಕಾಲು ಕೊಳೆ, ಜಂತುಹುಳು, ಮರಿಗಳ ನ್ಯುಮೋನಿಯಾ ಇವೂ ಇದೇ ಕಾಲದ ಸಮಸ್ಯೆಗಳು. ಆದ್ದರಿಂದ ಟಗರನ್ನು ವರ್ಷವಿಡೀ ಹಿಂಡಿನೊಂದಿಗೆ ಬಿಡದೆ, ಆಟಿ ಕಳೆದು ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಬಿಡುವುದು ಸೂಕ್ತ. ಮಾಸು ಬೆಳೆಯುವ ತಿಂಗಳುಗಳು ಮಳೆ ಇಳಿಮುಖವಾಗುವ ಕಾಲಕ್ಕೆ ಬರುತ್ತವೆ. ಕೊನೆಯ ಆರು ವಾರಗಳು ಡಿಸೆಂಬರ್, ಜನವರಿಗೆ ಬರುವುದರಿಂದ ಏಣೆಲು ಕೊಯ್ಲಿನ ಬೈಹುಲ್ಲು ಕೈಯಲ್ಲಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದ ಮರಿಗಳು ಮುಂದಿನ ಮಳೆಗಾಲ ಆರಂಭವಾಗುವ ಹೊತ್ತಿಗೆ ನಾಲ್ಕೈದು ತಿಂಗಳು ಬಲಿತಿರುತ್ತವೆ.

ಎರಡನೆಯದಾಗಿ, ಬೈಹುಲ್ಲನ್ನೇ ನಂಬಬಾರದು. 30 ಕೆ.ಜಿ. ತೂಕದ ಕುರಿಗೆ ಗರ್ಭದ ಕೊನೆಯ ಹಂತದಲ್ಲಿ ದಿನಕ್ಕೆ ಸುಮಾರು ಒಂದು ಕೆ.ಜಿ. ಒಣ ಅಂಶ ಮತ್ತು ಅದರಲ್ಲಿ 100 ಗ್ರಾಂಗಿಂತ ಹೆಚ್ಚು ಪ್ರೋಟೀನು ಬೇಕು. ಬೈಹುಲ್ಲಿನಲ್ಲಿ ಪ್ರೋಟೀನು ಶೇ. 3ರಿಂದ 4 ಮಾತ್ರ. ಒಂದು ಕೆ.ಜಿ. ಬೈಹುಲ್ಲು ತಿಂದರೂ ದೊರೆಯುವುದು 30–40 ಗ್ರಾಂ. ಕೆಳಗಿನ ದಿನದ ಮೇವು ಒಂಟಿ ಮರಿಯ ಅಗತ್ಯವನ್ನು ಹೆಚ್ಚು ಕಡಿಮೆ ಪೂರೈಸುತ್ತದೆ:

- ಬೈಹುಲ್ಲು: 200 ಗ್ರಾಂ
- ಕತ್ತರಿಸಿದ ನೇಪಿಯರ್ ಹುಲ್ಲು: 2.5 ಕೆ.ಜಿ. (ಮಳೆಗಾಲದಲ್ಲಿ ಅರ್ಧ ದಿನ ಬಾಡಿಸಿ ಕೊಡಬೇಕು)
- ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ಅಥವಾ ಅಲಸಂಡೆ, ಹುರುಳಿಯ ಹಸಿ ಬಳ್ಳಿ: ಅರ್ಧ ಕೆ.ಜಿ.
- ದಾಣಿ ಮಿಶ್ರಣ: 250 ಗ್ರಾಂ, ಅವಳಿ ಮರಿಗಳಿದ್ದರೆ 400 ಗ್ರಾಂವರೆಗೆ, ಎರಡು ಹೊತ್ತು ಹಂಚಿ

ದಾಣಿ ಮಿಶ್ರಣವನ್ನು ಮನೆಯಲ್ಲಿಯೇ ತಯಾರಿಸಬಹುದು. 100 ಕೆ.ಜಿ.ಗೆ ನುಚ್ಚು ಮಾಡಿದ ಮುಸುಕಿನ ಜೋಳ 40, ಗೋಧಿ ಬೂಸಾ ಅಥವಾ ತೌಡು 27, ನೆಲಗಡಲೆ ಹಿಂಡಿ 15, ತೆಂಗಿನ ಹಿಂಡಿ 15, ಖನಿಜ ಮಿಶ್ರಣ 2 ಮತ್ತು ಉಪ್ಪು 1 ಕೆ.ಜಿ. ಬೂಷ್ಟು ಹಿಡಿದ ಹಿಂಡಿಯನ್ನು ಎಂದಿಗೂ ಬಳಸಬಾರದು. ಮಳೆಗಾಲದಲ್ಲಿ ಹಿಂಡಿಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಬೇಕು. ಟಗರು ಬಿಡುವ ಎರಡು ಮೂರು ವಾರ ಮೊದಲಿನಿಂದ ದಿನಕ್ಕೆ 250 ಗ್ರಾಂ ದಾಣಿ ಕೊಡಬೇಕು. ಗರ್ಭದ ನಡುವಿನ ಹಂತದಲ್ಲಿ ಒಳ್ಳೆಯ ಹಸಿರು ಮೇವು ಇದ್ದರೆ 100 ಗ್ರಾಂ ಸಾಕು.

ಮೂರನೆಯದಾಗಿ, ಖನಿಜ ಮಿಶ್ರಣವನ್ನು ಐಷಾರಾಮವೆಂದು ತಿಳಿಯಬಾರದು. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಭಾರಿ ಮಳೆಗೆ ಅದರ ಸುಣ್ಣದಂಶ ಮತ್ತು ಇತರ ಪೋಷಕಾಂಶಗಳು ಬಸಿದು ಹೋಗುತ್ತವೆ. ಅಲ್ಲಿ ಬೆಳೆದ ಹುಲ್ಲನ್ನಷ್ಟೇ ನೆಚ್ಚಿಕೊಳ್ಳದೆ, ಕೋಬಾಲ್ಟ್ ಮತ್ತು ಗಂಧಕ ಸೇರಿರುವ ಖನಿಜ ಮಿಶ್ರಣವನ್ನು ದಾಣಿಯಲ್ಲಿರುವುದೂ ಸೇರಿ ದಿನಕ್ಕೆ 10ರಿಂದ 15 ಗ್ರಾಂ ಕೊಡಬೇಕು. ಚೀಲದ ಮೇಲಿನ ವಿವರ ಓದಿ ಖರೀದಿಸಿ. ಮೇವಿನ ತಾಕಿಗೆ ಮಣ್ಣು ಪರೀಕ್ಷೆಯ ಆಧಾರದ ಮೇಲೆ ಸುಣ್ಣ ಹಾಕಿದರೆ ದ್ವಿದಳ ಮೇವು ಚೆನ್ನಾಗಿ ಬರುತ್ತದೆ. ಮಜಲು ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ ಉಳಿದ ತೇವದಲ್ಲಿ ಹುರುಳಿ, ಅಲಸಂಡೆ ಬಿತ್ತಿದರೆ, ಗಬ್ಬದ ಕೊನೆಯ ವಾರಗಳಿಗೆ ಸರಿಯಾಗಿ ಹಸಿರು ಮೇವು ದೊರೆಯುತ್ತದೆ.

ಎಚ್ಚರಿಕೆಗಳು

- ಅತಿಯಾಗಿ ತಿನ್ನಿಸುವುದೂ ಕೇಡು. ತಾನೇ ಇನ್ನೂ ಬೆಳೆಯುತ್ತಿರುವ ಎಳೆ ಹೆಣ್ಣನ್ನು ಗಬ್ಬ ಕಟ್ಟಿಸಿ ಮಿತಿಮೀರಿ ತಿನ್ನಿಸಿದರೆ ಆಹಾರ ಅದರ ಮೈಗೆ ಹೋಗುತ್ತದೆ, ಮಾಸು ಸಣ್ಣದಾಗುತ್ತದೆ, ಮರಿ ಕಡಿಮೆ ತೂಕದಲ್ಲಿ ಹುಟ್ಟುತ್ತದೆ. ಸ್ಕಾಟ್ಲೆಂಡಿನ ರೋವೆಟ್ ಸಂಸ್ಥೆಯ ಪ್ರಯೋಗಗಳು ಇದನ್ನು ದೃಢಪಡಿಸಿವೆ. ತಳಿಯ ಪ್ರೌಢ ತೂಕದ ಮೂರನೇ ಎರಡು ಭಾಗ ತಲುಪಿದ ಮೇಲೆಯೇ ಟಗರಿಗೆ ಬಿಡಿ.
- ಉಡುಪಿ, ಮಣಿಪಾಲದ ಹೋಟೆಲು, ಹಾಸ್ಟೆಲುಗಳಲ್ಲಿ ಉಳಿದ ಅನ್ನ ಅಗ್ಗವಾಗಿ ಸಿಗುತ್ತದೆಂದು ಗಬ್ಬದ ಕುರಿಗೆ ಸುರಿಯಬಾರದು. ಒಮ್ಮೆಲೇ ಹೆಚ್ಚು ಅನ್ನ ತಿಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಕುರಿ ಸಾಯಬಹುದು.
- ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಕಾಲು ಭಾಗ ಮೀರದಿರಲಿ. ಅದರಲ್ಲಿರುವ ಮಿಮೋಸಿನ್ ಎಂಬ ಅಂಶ ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡುತ್ತದೆ.
- ಗರ್ಭದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಜಂತುನಾಶಕ ಕೊಡಬಾರದು; ಮರಿಯಲ್ಲಿ ಅಂಗವೈಕಲ್ಯ ಉಂಟಾಗಬಹುದು. ಜಂತುನಾಶಕವನ್ನು ಟಗರು ಬಿಡುವ ಮೊದಲೇ, ಪಶುವೈದ್ಯರನ್ನು ಕೇಳಿ ಕೊಡಿ.
- ಕೊನೆಯ ವಾರಗಳಲ್ಲಿ ಅವಳಿ ಮರಿಯ ತಾಯಿ ದಾಣಿ ಬಿಟ್ಟು, ಹಿಂಡಿನಿಂದ ದೂರ ನಿಂತು, ಹಲ್ಲು ಕಡಿಯುತ್ತಾ, ಕಣ್ಣು ಕಾಣದಂತೆ ತಡವರಿಸಿದರೆ, ಉಸಿರಿನಲ್ಲಿ ಸಿಹಿ ವಾಸನೆ ಬಂದರೆ ಅದು ಗರ್ಭನಂಜು. ಆಹಾರ ಸಾಲದೆ ತಾಯಿ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವುದರಿಂದ ಬರುವ ರೋಗವಿದು. ಮರುದಿನಕ್ಕೆ ಕಾಯದೆ ಅಂದೇ ಪಶುವೈದ್ಯರನ್ನು ಕರೆಯಿರಿ.

ಹಣ ಎಲ್ಲಿ ಹಾಕಬೇಕು?

ಆಹಾರವು ವಂಶವಾಹಿಯ ಕೆಲಸವನ್ನು ಬದಲಿಸುತ್ತದೆ ಎಂಬ ಮಾತನ್ನು ತಪ್ಪಾಗಿ ತಿಳಿಯಬಾರದು. ಮೇವಿನಿಂದ ಡೆಕ್ಕನಿ ಕುರಿ ಬನ್ನೂರು ಕುರಿಯಾಗುವುದಿಲ್ಲ. ಇಲ್ಲದ ವಂಶವಾಹಿ ಹುಟ್ಟಿಕೊಳ್ಳುವುದೂ ಇಲ್ಲ. 'ವಂಶವಾಹಿಯನ್ನು ಚುರುಕುಗೊಳಿಸುವ' ಟಾನಿಕ್ಕು, ಪುಡಿಗಳೆಂದು ಯಾರಾದರೂ ಮಾರಲು ಬಂದರೆ ಕೊಳ್ಳುವ ಅಗತ್ಯವಿಲ್ಲ. ಸಮತೋಲದ ಮೇವು, ಖನಿಜ ಮಿಶ್ರಣ, ಸರಿಯಾದ ಕಾಲ ಇವು ಮೂರೂ ಇದ್ದಲ್ಲಿ ತಳಿ ತನ್ನಲ್ಲಿರುವುದನ್ನು ತಾನೇ ತೋರಿಸುತ್ತದೆ. ಹೆಚ್ಚು ಬೆಲೆಯ ಟಗರಿಗೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ಮೇವಿನ ತಾಕಿಗೂ ದಾಣಿಗೂ ಎತ್ತಿಡುವುದು ಜಾಣತನ.

ಕೊನೆಯದಾಗಿ, ಒಂದು ನೋಟ್ ಪುಸ್ತಕ ಇಡಿ. ಪ್ರತಿ ಕುರಿಗೆ ಟಗರು ಬಿಟ್ಟ ದಿನಾಂಕ, ಟಗರಿನ ಗುರುತು, ಮರಿ ಹಾಕಿದ ದಿನಾಂಕ, ಮರಿಗಳ ಸಂಖ್ಯೆ, ಹುಟ್ಟು ತೂಕ ಮತ್ತು ಮೂರು ತಿಂಗಳ ತೂಕ ಇವಿಷ್ಟನ್ನು ಬರೆಯಿರಿ. ಹುಟ್ಟಿದ ಒಂದು ಗಂಟೆಯೊಳಗೆ ಮರಿಗೆ ಗಿಣ್ಣು ಹಾಲು ಕುಡಿಸಿ, ನಂತರ ತೂಕ ಮಾಡಿ. ಒಂದೇ ಟಗರಿನ ಮರಿಗಳು ಎಲ್ಲ ತಾಯಂದಿರಲ್ಲೂ ಕಡಿಮೆ ತೂಕದವಾದರೆ ಮೊದಲು ಮೇವನ್ನು ತಿದ್ದಿ. ಮೇವು ಸರಿಯಾದ ಮೇಲೂ ಹಾಗೆಯೇ ಮುಂದುವರಿದರೆ ಟಗರನ್ನು ಬದಲಿಸಿ. ಈ ಕ್ರಮವನ್ನು ತಲೆಕೆಳಗು ಮಾಡಿ, ಮೇವು ನೋಡದೆ ಟಗರು ಬದಲಿಸುತ್ತಾ ಹೋದರೆ ಖರ್ಚು ಬೆಳೆಯುತ್ತದೆಯೇ ಹೊರತು ಮರಿ ಬೆಳೆಯುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ರೈತರ ಹಟ್ಟಿಗೆ ಭೇಟಿ ನೀಡಿದಾಗ ಮೊದಲು ಕೇಳಬೇಕಾದದ್ದು ಈ ಪುಸ್ತಕವನ್ನೇ. ಮೇವಿನ ಬೆಳೆ ಮತ್ತು ಮಣ್ಣು ಪರೀಕ್ಷೆಯ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು, ಗಬ್ಬದ ಕುರಿಗಳ ಆರೋಗ್ಯದ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.